ಬಾಣಂತಿ ಕೋಣೆಯ ಭಯ: ಕೊಡಗಿನ ಹಳೇ ಮನೆಯಲ್ಲಿ ತಾಯಿಯ ಕಥೆ ಬರೆಯುವುದು ಹೇಗೆ

ಕೊಡಗಿನ ಹಳೇ ಮನೆ, ಹೊಸದಾಗಿ ಹೆತ್ತ ತಾಯಿ, ಒಂದು ಭಯದ ಕಥೆ. ಇದನ್ನು ಬರೆಯಲು ಕೂತವರು ಮೊದಲು ದೆವ್ವ ಹುಡುಕಲು ಹೋಗುತ್ತಾರೆ. ನಾನೂ ಹಾಗೇ ಶುರು ಮಾಡಿದ್ದೆ. ಬಿಳಿ ಸೀರೆ, ಹಾಳು ಬಾವಿ, ಅಮಾವಾಸ್ಯೆ ಎಲ್ಲಾ ಹಾಕಿದ್ದೆ. ಓದಿದವರು ಚೆನ್ನಾಗಿದೆ ಅಂದರು, ಆದರೆ ಯಾರಿಗೂ ಭಯ ಆಗಿರಲಿಲ್ಲ. ಒಂದು ಪತ್ರಿಕೆಯವರು ವಾಪಸ್ ಕಳಿಸಿದರು. ಈಗ ಯಾರಾದರೂ ಕೇಳಿದರೆ ಹೇಳುವುದು ಇಷ್ಟೇ: ದೆವ್ವ ಆಮೇಲೆ ಬರಲಿ, ಮೊದಲು ಆ ಮನೆಯ ಕೆಲಸಗಳನ್ನು ಬರೆದುಕೊಳ್ಳಿ. ಬೆಳಗ್ಗೆ ಒಲೆ ಹಚ್ಚುವವರು ಯಾರು, ಮಗುವಿನ ಬಟ್ಟೆ ಎಲ್ಲಿ ಒಣಗುತ್ತದೆ, ರಾತ್ರಿ ಬಚ್ಚಲಿಗೆ ಹೋಗಲು ಎಷ್ಟು ಬಾಗಿಲು ದಾಟಬೇಕು, ಅದರಲ್ಲಿ ಯಾವ ಬಾಗಿಲು ಕಿರ್ ಅನ್ನುತ್ತದೆ.

ನಾನು ಸೋಮವಾರಪೇಟೆ ಕಡೆಯವಳು. ಮದುವೆಯಾಗಿ ಬಂದದ್ದು ಭಾಗಮಂಡಲದ ಕಡೆಗೆ, ಇಲ್ಲಿಯ ಗೌಡರ ನುಡಿ ಅರೆಭಾಷೆ ಮಾತಾಡುವ ಮನೆಗೆ. ಮಗಳು ಹುಟ್ಟಿದ್ದು ಜುಲೈಯಲ್ಲಿ. ಆ ವರ್ಷ ನಮ್ಮ ಅಮ್ಮನಿಗೆ ಸೊಂಟದ ಆಪರೇಷನ್ ಆಗಿತ್ತು, ಹಾಗಾಗಿ ಬಾಣಂತನ ಅತ್ತೆ ಮನೆಯಲ್ಲೇ ಆಯಿತು. ಇದನ್ನು ಯಾಕೆ ಹೇಳ್ತಿದ್ದೇನೆ ಅಂದರೆ, ಕನ್ನಡದಲ್ಲಿ ಓದುವವರು ಕೇಳುವ ಮೊದಲ ಪ್ರಶ್ನೆಯೇ ಇದು: ಇವಳು ತವರಿಗೆ ಯಾಕೆ ಹೋಗಲಿಲ್ಲ? ಇದಕ್ಕೆ ಎರಡನೇ ಪುಟದೊಳಗೆ ಉತ್ತರ ಕೊಡದಿದ್ದರೆ ಆಮೇಲೆ ನೀವು ಏನು ಬರೆದರೂ ಓದುವವರ ತಲೆಯಲ್ಲಿ ಅದೇ ಕೊರೆಯುತ್ತಿರುತ್ತದೆ. ಉತ್ತರ ದೊಡ್ಡದಾಗಿರಬೇಕಿಲ್ಲ. ಅಮ್ಮ ಇಲ್ಲ, ತವರಲ್ಲಿ ಜಗಳ, ಅಣ್ಣನ ಹೆಂಡತಿಗೂ ಅದೇ ತಿಂಗಳು ಹೆರಿಗೆ, ಇಲ್ಲಾ ಮಳೆಗೆ ರಸ್ತೆ ಮುಳುಗಿದೆ. ಭಾಗಮಂಡಲದಲ್ಲಿ ಸಂಗಮ ಉಕ್ಕಿ ರಸ್ತೆ ಮೇಲೆ ನೀರು ಬಂದ ವರ್ಷಗಳು ಎಷ್ಟೋ ಇವೆ. ಕರೆಂಟ್ ಹೋದರೆ ದಿನಗಟ್ಟಲೆ ಬರಲ್ಲ, ಅದರ ಹಿಂದೆ ಮೊಬೈಲ್ ನೆಟ್‌ವರ್ಕ್ ಹೋಗುತ್ತದೆ. ತಾಯಿಯನ್ನು ಒಂಟಿ ಮಾಡಲು ಕೊಡಗಿನಲ್ಲಿ ನೀವು ಸುಳ್ಳು ಕಟ್ಟಬೇಕಿಲ್ಲ, ಕ್ಯಾಲೆಂಡರ್ ನೋಡಿ ತಿಂಗಳು ಆರಿಸಿಕೊಂಡರೆ ಸಾಕು.

ತಿಂಗಳು ಆರಿಸುವುದು ನಿಜಕ್ಕೂ ಮುಖ್ಯ. ಜನವರಿಯಲ್ಲಿ ಕಾಫಿ ಕೊಯ್ಲು, ಕಣದ ತುಂಬಾ ಜನ, ಮನೆಯಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ಮೇಲೆ ತೋಟವೆಲ್ಲ ಕಾಫಿ ಹೂವಿನಿಂದ ಬೆಳ್ಳಗಾಗಿ ಮಲ್ಲಿಗೆಯಂಥ ವಾಸನೆ ಮನೆಯೊಳಗೆ ನುಗ್ಗುತ್ತದೆ, ಕಿಟಕಿ ಮುಚ್ಚಿದರೂ ಬಿಡಲ್ಲ. ಅದರಲ್ಲೂ ಒಂದು ಕಥೆ ಇದೆ. ಆದರೆ ಬಾಣಂತಿ ಕಥೆಗೆ ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಯಂಥದ್ದು ಬೇರೆ ಇಲ್ಲ. ಹಂಚಿನ ಮೇಲೆ ಬೀಳುವ ಮಳೆಗೆ ಪಕ್ಕದ ಕೋಣೆಯ ಮಾತು ಕೇಳಲ್ಲ. ಮಗು ಅತ್ತರೆ ಕೇಳುತ್ತಾ ಅನ್ನೋ ಭಯ ನನಗೆ ಎಷ್ಟಿತ್ತೆಂದರೆ, ಬಚ್ಚಲಲ್ಲಿ ಚೊಂಬು ಎತ್ತಿ ಹಿಡಿದು ಸುಮ್ನೆ ನಿಂತು ಕಿವಿಗೊಡುತ್ತಿದ್ದೆ, ನೀರು ಮೈಮೇಲೆ ಹಾಕಿಕೊಂಡರೆ ಆ ಸದ್ದಿಗೆ ಮಗುವಿನ ಅಳು ತಪ್ಪಿಹೋಗುತ್ತೇನೋ ಅಂತ.

ಮಳೆಗಾಲದ ಮನೆ ಅಂದರೆ ಏನೇನು ಅಂತ ನೋಡಿ. ಬೆಲ್ಟು, ಚಪ್ಪಲಿ, ಪೆಟ್ಟಿಗೆಯ ಮುಚ್ಚಳ, ಗೋಡೆಯ ಮೂಲೆ, ಎಲ್ಲದರ ಮೇಲೂ ಬೂಷ್ಟು. ಒರೆಸಿದರೆ ಮೂರು ದಿನಕ್ಕೆ ಮತ್ತೆ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ. ಮರದ ಬಾಗಿಲು ನೀರು ಕುಡಿದು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ, ಪೂರ್ತಿ ಮುಚ್ಚಲ್ಲ, ಪೂರ್ತಿ ತೆಗೆಯಲೂ ಬರಲ್ಲ. ಮಗುವಿನ ಬಟ್ಟೆಯನ್ನು ಬಿಸಿಲಿಗೆ ಹಾಕುವ ಮಾತೇ ಇಲ್ಲ, ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಒಂದೊಂದೇ ಹರಡಿ ಒಣಗಿಸಬೇಕು. ಮಗು ಯಾವಾಗಲೂ ಹೊಗೆ ವಾಸನೆ ಹೊಡೆಯುತ್ತದೆ. ಅಂಥ ಮನೆಯಲ್ಲಿ ಒಂದು ರಾತ್ರಿ ಮಗುವನ್ನು ಎತ್ತಿಕೊಂಡಾಗ ಹೊಗೆ ವಾಸನೆ ಇಲ್ಲದೆ, ಬಿಸಿಲಲ್ಲಿ ಒಣಗಿದ ಬಟ್ಟೆಯ ವಾಸನೆ ಬಂದರೆ? ಹದಿನೈದು ದಿನದಿಂದ ಊರಲ್ಲಿ ಬಿಸಿಲೇ ಬಿದ್ದಿಲ್ಲ ಅಂತ ಓದುವವರಿಗೆ ಗೊತ್ತಿರುತ್ತದೆ. ಇಷ್ಟೇ ಸಾಕು. ಏನೂ ಕಿರುಚಿಲ್ಲ, ಯಾವ ನೆರಳೂ ಹಾದುಹೋಗಿಲ್ಲ, ಆದರೂ ಯಾರೋ ಆ ಮಗುವಿಗೆ ಬಟ್ಟೆ ಬದಲಾಯಿಸಿದ್ದಾರೆ.

ಇಲ್ಲಿಯೇ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೆ. ತಾಯಿಯ ಕಥೆಯಲ್ಲಿ ಭಯ ದ್ವೇಷದಿಂದ ಹುಟ್ಟಿದರೆ ತೆಳ್ಳಗಾಗುತ್ತದೆ. ಆರೈಕೆಯಿಂದ ಹುಟ್ಟಬೇಕು. ಆ ಮನೆಗೆ ಮಗು ಬೇಕು, ಮಗುವನ್ನು ಅದು ಚೆನ್ನಾಗಿ ನೋಡಿಕೊಳ್ಳುತ್ತದೆ, ತಾಯಿಗಿಂತ ಚೆನ್ನಾಗಿ. ಒದ್ದೆ ಬಟ್ಟೆ ಅವಳು ನೋಡುವ ಮೊದಲೇ ಬದಲಾಗಿರುತ್ತದೆ. ತೊಟ್ಟಿಲು ಅವಳು ಮುಟ್ಟುವ ಮೊದಲೇ ತೂಗುತ್ತಿರುತ್ತದೆ. ಮೊದಲ ದಿನ ಅವಳಿಗೆ ಅತ್ತೆಯೇ ಮಾಡಿರಬೇಕು ಅನ್ನಿಸಿ ಸಮಾಧಾನವಾಗುತ್ತದೆ, ಒಂದು ಗಂಟೆ ಜಾಸ್ತಿ ನಿದ್ದೆ ಮಾಡುತ್ತಾಳೆ. ಅದನ್ನು ಅವಳು ಬಾಯಿಬಿಟ್ಟು ಹೇಳಿದಾಗ ಅತ್ತೆಯೂ ಅದನ್ನೇ ಹೇಳಬೇಕು: ನಾನು ರಾತ್ರಿ ಏಳಲೇ ಇಲ್ಲವಲ್ಲ, ನೀನೇ ಮಾಡಿದ್ದೀಯ ಅಂತ ನನಗೂ ಸಮಾಧಾನ ಆಗಿತ್ತು.

ಬಾಣಂತನದ ಕಟ್ಟುಪಾಡುಗಳನ್ನು ಇದೇ ಕಣ್ಣಿನಿಂದ ನೋಡಿ. ದಿಂಬಿನ ಕೆಳಗೆ ಕಬ್ಬಿಣದ ತುಂಡು. ಹೊತ್ತು ಮುಳುಗಿದ ಮೇಲೆ ಮಗುವಿನ ಬಟ್ಟೆ ಹೊರಗೆ ಬಿಡಬಾರದು. ಖಾಲಿ ತೊಟ್ಟಿಲು ತೂಗಬಾರದು. ರಾತ್ರಿ ಹೊರಗಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಮೊದಲ ಕರೆಗೇ ಓ ಅನ್ನಬಾರದು. ಮನೆ ಬಾಗಿಲ ಮೇಲೆ ನಾಳೆ ಬಾ ಅಂತ ಬರೆದದ್ದನ್ನು ನಮ್ಮಲ್ಲಿ ತುಂಬ ಜನ ಚಿಕ್ಕವರಿದ್ದಾಗ ನೋಡಿದ್ದೇವೆ, ಅಲ್ವಾ? ಆ ಕಥೆಯಲ್ಲಿ ಭಯ ಆಗುವುದು ಬಂದವಳು ದೆವ್ವ ಅನ್ನೋದಕ್ಕಲ್ಲ, ಅವಳು ನಮ್ಮವರದೇ ದನಿಯಲ್ಲಿ ಕರೆಯುತ್ತಾಳೆ ಅನ್ನೋದಕ್ಕೆ. ಕಥೆಗೆ ಇಂಥ ಎರಡೋ ಮೂರೋ ಕಟ್ಟುಪಾಡು ಸಾಕು, ಜಾಸ್ತಿ ಹಾಕಿದರೆ ಪಟ್ಟಿಯಾಗುತ್ತದೆ. ಅವುಗಳಲ್ಲಿ ಒಂದನ್ನು ಮುರಿಸಿ. ಆದರೆ ತಾಯಿಯ ಉಡಾಫೆಯಿಂದ ಮುರಿಸಬೇಡಿ, ಓದಿದವಳು ಇದನ್ನೆಲ್ಲ ನಂಬಲ್ಲ ಅಂತ ತೋರಿಸಿ ಅವಳಿಗೆ ಶಿಕ್ಷೆ ಕೊಡುವ ಕಥೆಗಳು ನನಗೆ ಹಿಡಿಸಲ್ಲ. ಒಳ್ಳೆಯ ಕಾರಣಕ್ಕೇ ಮುರಿಯಲಿ. ಮಗುವನ್ನು ಎತ್ತಿಕೊಂಡಿದ್ದಾಳೆ, ಕಾಲಿಗೆ ತೊಟ್ಟಿಲು ತಾಗಿ ಅಲ್ಲಾಡುತ್ತದೆ, ಮಗುವಿಗೆ ಆ ಸದ್ದು ಹಿತ, ಅಳು ನಿಲ್ಲುತ್ತದೆ. ಅವಳು ಇನ್ನೊಮ್ಮೆ ತೂಗುತ್ತಾಳೆ. ಖಾಲಿ ತೊಟ್ಟಿಲು.

ಕೂಸು ಏನು ಮಾಡಬಲ್ಲದು, ಏನು ಮಾಡಲಾರದು ಅನ್ನೋದನ್ನು ಸರಿಯಾಗಿ ತಿಳಿದುಕೊಳ್ಳಿ. ಇಲ್ಲಿ ತಪ್ಪಿದರೆ ಹೆತ್ತವರು ಯಾರೂ ನಿಮ್ಮ ಕಥೆ ನಂಬಲ್ಲ. ಎಳೆಗೂಸು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ. ಅಂದರೆ ತಾಯಿಗೆ ರಾತ್ರಿ ಹಗಲು ಅನ್ನೋದು ಇರಲ್ಲ. ಕಥೆಯಲ್ಲಿ ಹನ್ನೆರಡು ಗಂಟೆ, ಎರಡು ಗಂಟೆ ಅಂತ ಬರೆಯುವ ಬದಲು ಮೂರನೇ ಹಾಲು, ನಾಲ್ಕನೇ ಹಾಲು ಅಂತ ಬರೆದು ನೋಡಿ. ಐದನೇ ಹಾಲು ಕೊಟ್ಟದ್ದು ನೆನಪಿದೆ, ಆರನೆಯದು ಕೊಟ್ಟದ್ದು ನೆನಪಿಲ್ಲ, ಆದರೆ ಮಗುವಿನ ಹೊಟ್ಟೆ ತುಂಬಿದೆ. ಕೂಸಿಗೆ ಒಂದು ಗೇಣಿನಿಂದ ಒಂದೂವರೆ ಗೇಣು ದೂರದ್ದು, ಅಂದರೆ 20ರಿಂದ 30 ಸೆಂಟಿಮೀಟರ್ ಒಳಗಿನದು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಬೆಳಕೂ ಕತ್ತಲೂ ಸೇರುವ ಗೆರೆಯ ಕಡೆಗೆ ಅದರ ಕಣ್ಣು ತಾನಾಗಿ ಹೋಗುತ್ತದೆ. ಹಾಗಾಗಿ ನಿಮ್ಮ ಮುಖ ಬಿಟ್ಟು ಮಾಡಿನ ತೊಲೆಯನ್ನೇ ನೋಡುತ್ತಾ ಇರುವುದು ಎಲ್ಲ ಕೂಸುಗಳೂ ಮಾಡುವ ಕೆಲಸ. ನಿದ್ದೆಯಲ್ಲಿ ನಗುವುದೂ ಅಷ್ಟೇ. ಉಸಿರಾಟವಂತೂ ಕೇಳಲೇಬೇಡಿ. ಬೇಗಬೇಗ ನಾಲ್ಕು ಉಸಿರು, ಆಮೇಲೆ ಐದಾರು ಸೆಕೆಂಡ್ ಏನೂ ಇಲ್ಲ, ಆಮೇಲೆ ಮತ್ತೆ ಶುರು. ಹತ್ತು ಸೆಕೆಂಡಿನ ಒಳಗೆ ಇದ್ದರೆ ಅದು ಎಳೆಗೂಸಿಗೆ ಸಾಮಾನ್ಯ. ಗೊತ್ತಿದ್ದರೂ ಆ ಐದಾರು ಸೆಕೆಂಡ್ ನಾನು ಮಗಳ ಹೊಟ್ಟೆ ಮೇಲೆ ಕೈ ಇಟ್ಟು ಕೂತಿರುತ್ತಿದ್ದೆ, ನನ್ನ ಉಸಿರನ್ನೂ ಹಿಡಿದುಕೊಂಡು. ಕೂಸನ್ನು ಭೂತ ಮಾಡುವ ಅಗತ್ಯವೇ ಇಲ್ಲ. ದಯವಿಟ್ಟು ಅದರ ಕಣ್ಣು ಕೆಂಪಗೆ ಮಾಡಬೇಡಿ. ಅದು ಕೂಸಾಗಿಯೇ ಇರಲಿ, ಭಯ ತಾನಾಗಿ ಬರುತ್ತದೆ.

ತಾಯಿಯ ದೇಹವನ್ನು ಸಾಕ್ಷಿ ಮಾಡಿಕೊಳ್ಳುವುದು ನನಗೆ ಗೊತ್ತಿರುವ ಅತ್ಯಂತ ಬಲವಾದ ಉಪಾಯ. ಕೂಸು ಅತ್ತರೆ ತಾಯಿಯ ಎದೆಯಲ್ಲಿ ಹಾಲು ಇಳಿಯುತ್ತದೆ. ತನ್ನದೇ ಮಗು ಆಗಬೇಕಿಲ್ಲ, ಬಸ್ಸಿನಲ್ಲಿ ಬೇರೆ ಯಾರದೋ ಮಗು ಅತ್ತರೂ ಆಗುತ್ತದೆ. ನನಗೆ ಇದು ಆದದ್ದು ಮಗಳಿಗೆ ಹನ್ನೊಂದು ದಿನ ಇದ್ದಾಗ. ಮಗಳು ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಅಟ್ಟದ ಮೇಲೆ ಅಳು ಕೇಳಿತು, ಸಣ್ಣಗೆ. ಬೆಳಗ್ಗೆ ಮಾವ ಏಣಿ ಹಾಕಿ ನೋಡಿದಾಗ ಪುನುಗು ಬೆಕ್ಕು ಮರಿ ಹಾಕಿತ್ತು, ಹಳೇ ಗೋಣಿಚೀಲದ ಮೇಲೆ. ಆದರೆ ಬೆಳಗ್ಗೆ ಆಗುವವರೆಗೆ ನನಗೆ ಅದು ಗೊತ್ತಿರಲಿಲ್ಲ. ಆ ರಾತ್ರಿಯನ್ನು ನಾನು ಎರಡು ಸಲ ಬರೆದೆ. ಮೊದಲ ಸಲ ಹೀಗಿತ್ತು:

ಆ ಭಯಂಕರ ರಾತ್ರಿಯಲ್ಲಿ ಪುರಾತನ ಮನೆಯ ಕತ್ತಲ ಅಟ್ಟದಿಂದ ವಿಕಾರವಾದ ಅಳುವೊಂದು ಕೇಳಿಬಂತು. ಅವಳ ಮೈಯೆಲ್ಲ ಬೆವರಿತು. ಎದೆ ಡವಡವ ಹೊಡೆದುಕೊಳ್ಳತೊಡಗಿತು.

ಎರಡನೇ ಸಲ ಹೀಗೆ:

ಅಟ್ಟದಲ್ಲಿ ಮಗು ಅಳತೊಡಗಿತು. ಅವಳು ತೊಡೆಯ ಮೇಲಿದ್ದ ಮಗುವಿನ ಬಾಯಿ ನೋಡಿದಳು. ಮುಚ್ಚಿತ್ತು. ಮಳೆ ಇರಬೇಕು ಅಂದುಕೊಂಡಳು. ರವಿಕೆ ಎಡಗಡೆ ಒದ್ದೆಯಾಯಿತು, ಆಮೇಲೆ ಬಲಗಡೆಯೂ. ಅವಳು ಸೆರಗು ಮಡಚಿ ಒತ್ತಿಕೊಂಡು ಅಳು ನಿಲ್ಲುವುದನ್ನೇ ಕಾಯುತ್ತಾ ಕೂತಳು.

ಮೊದಲನೆಯದರಲ್ಲಿ ಭಯಂಕರ, ಪುರಾತನ, ವಿಕಾರ ಅಂತ ನಾನೇ ಹೇಳಿಬಿಟ್ಟಿದ್ದೇನೆ, ಓದುವವರಿಗೆ ಮಾಡಲು ಕೆಲಸವೇ ಉಳಿದಿಲ್ಲ. ಎರಡನೆಯದರಲ್ಲಿ ಅವಳಿಗೆ ಭಯವಾಯಿತು ಅನ್ನೋ ಮಾತೇ ಇಲ್ಲ. ನಿಮ್ಮ ಕರಡು ತೆಗೆದುಕೊಂಡು ಭಯ, ಭೀಕರ, ಭಯಾನಕ, ನಿಗೂಢ ಅನ್ನೋ ಪದಗಳನ್ನೆಲ್ಲ ಹೊಡೆದುಹಾಕಿ ಓದಿ ನೋಡಿ. ಕಥೆ ನಿಂತಿದ್ದರೆ ಸರಿ. ಬಿದ್ದುಹೋದರೆ ಆ ಜಾಗದಲ್ಲಿ ಒಂದು ಕೆಲಸ, ಒಂದು ವಾಸನೆ, ಒಂದು ಒದ್ದೆ ಬಟ್ಟೆ ಬೇಕು ಅಂತ ಅರ್ಥ.

ಇನ್ನು ಕೊಡಗಿನದೇ ಆದ ಸಂಗತಿಗಳು. ಕೊಡವರಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸುವ ಪದ್ಧತಿ ಇದೆ, ಹರಳು ಗಿಡದ ಕಡ್ಡಿಯಲ್ಲಿ ಪುಟ್ಟ ಬಿಲ್ಲು ಮಾಡಿ ಕೂಸಿನ ಕೈಗೆ ಮುಟ್ಟಿಸುತ್ತಾರೆ. ಸಾವಾದರೆ ಎರಡು ಗುಂಡು. ಗುಡ್ಡದಾಚೆ ಇರುವವರಿಗೆ ಸುದ್ದಿ ಮುಟ್ಟುವುದೇ ಹಾಗೆ. ಇದನ್ನು ಕಥೆಯೊಳಗೆ ಇಟ್ಟು ನೋಡಿ. ಮನೆಯಲ್ಲಿ ಹೆಣ್ಣು ಮಗು ಹುಟ್ಟಿದೆ, ಯಾರೂ ಕೋವಿ ಮುಟ್ಟಿಲ್ಲ. ತೋಟದ ಕೆಳಗಿಂದ ಒಂದು ಗುಂಡಿನ ಸದ್ದು ಬರುತ್ತದೆ. ಅಡಿಗೆಮನೆಯಲ್ಲಿದ್ದವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ನಿಲ್ಲುತ್ತಾರೆ. ಯಾರೂ ಮಾತಾಡಲ್ಲ. ಎಲ್ಲರೂ ಎರಡನೆಯದಕ್ಕೆ ಕಾಯುತ್ತಿದ್ದಾರೆ. ಈ ಪದ್ಧತಿಯನ್ನು ಹೊರಗಿನ ಓದುಗರಿಗೆ ಆ ಕ್ಷಣದಲ್ಲಿ ವಿವರಿಸಲು ಹೋಗಬೇಡಿ. ಅದಕ್ಕೂ ಹತ್ತು ಪುಟ ಮೊದಲೇ, ಪಕ್ಕದ ಮನೆಯ ಮಗುವಿನ ವಿಷಯ ಬಂದಾಗ ಯಾರಾದರೂ ಹಾಗೇ ಮಾತಿಗೆ ಹೇಳಿಬಿಟ್ಟಿರಲಿ.

ಕಕ್ಕಡ ತಿಂಗಳ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ತಿಂಗಳ, ಮದ್ದು ಸೊಪ್ಪೂ ಹಾಗೇ. ನಮ್ಮ ಕಡೆ ಆಟಿ ಸೊಪ್ಪು ಅಂತಾರೆ. ಕಕ್ಕಡದ ಹದಿನೆಂಟನೇ ದಿನ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಅದರಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆ ಅನ್ನೋ ನಂಬಿಕೆ. ಸೊಪ್ಪು ಕುದಿಸಿದ ನೀರು ಕಡು ನೇರಳೆ ಬಣ್ಣಕ್ಕೆ ತಿರುಗುತ್ತದೆ, ಅದರಲ್ಲಿ ಪಾಯಸ ಮಾಡುತ್ತಾರೆ. ಮಾರನೇ ದಿನ ಮೂತ್ರ ಕೆಂಪಗೆ ಹೋಗುತ್ತದೆ. ಇಲ್ಲಿಯವರಿಗೆ ಅದು ಮದ್ದು ಮೈಗೆ ಹಿಡಿಯಿತು ಅನ್ನೋ ಗುರುತು. ಬೇರೆ ಊರಿಂದ ಬಂದ ಸೊಸೆ, ಹೆತ್ತು ಮೂರು ವಾರ ಆಗಿದೆ, ಕೆಂಪು ಕಂಡರೆ ಅವಳಿಗೆ ಬೇರೆಯೇ ಭಯ. ಅವಳು ಬೆಳಗಿನ ಜಾವ ಬಚ್ಚಲಲ್ಲಿ ಒಂಟಿಯಾಗಿ ಅದನ್ನು ನೋಡುತ್ತಾಳೆ, ಹೊರಗೆ ಬಂದು ಹೇಳಿದರೆ ಎಲ್ಲರೂ ನಗುತ್ತಾರೆ. ಪ್ರೀತಿಯಿಂದಲೇ ನಗುತ್ತಾರೆ. ಇದು ಕಥೆಗೆ ತುಂಬಾ ಉಪಯೋಗ. ಒಮ್ಮೆ ಹೀಗೆ ನಕ್ಕ ಮನೆಯಲ್ಲಿ, ಮುಂದಿನ ಸಲ ನಿಜವಾಗಿಯೂ ಏನೋ ಆದಾಗ ಅವಳು ಬಾಯಿ ಬಿಡುವುದಿಲ್ಲ. ಅವಳು ಯಾರಿಗೂ ಹೇಳಲಿಲ್ಲ ಯಾಕೆ ಅನ್ನೋ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿರುತ್ತದೆ.

ಮನೆಯ ನಕ್ಷೆ ಒಂದು ಹಾಳೆಯಲ್ಲಿ ಬಿಡಿಸಿಕೊಳ್ಳಿ, ಚೆನ್ನಾಗಿ ಬರದಿದ್ದರೂ ಪರವಾಗಿಲ್ಲ. ಐನ್‌ಮನೆಯ, ಅಂದರೆ ಇಡೀ ಕುಲದ ಮೂಲಮನೆಯ ಕಥೆಯಾದರೆ ಗದ್ದೆಯಿಂದ ಮನೆಗೆ ಬರುವ ಓಣಿ, ಮುಂದಿನ ಜಗುಲಿ, ಕಂಬಗಳ ನಡುವೆ ಕೂರುವ ಐಮರ, ಒಳಗೆ ದೀಪ ಉರಿಯುವ ನಡುಮನೆ, ಹಿರಿಯರ ಹೆಸರಲ್ಲಿ ಇಡುವ ಕೋಣೆ, ಹೊರಗೆ ಹಿರಿಯರ ಗುಡಿಯಾದ ಕೈಮಡ, ಎಲ್ಲ ಎಲ್ಲೆಲ್ಲಿ ಅಂತ ಗುರುತು ಹಾಕಿ. ಬಾಣಂತಿ ಮಂಚ ಎಲ್ಲಿದೆ, ಅಲ್ಲಿಂದ ಏನು ಕಾಣುತ್ತದೆ, ಏನು ಕಾಣಲ್ಲ. ಕಾಣದೇ ಇರುವ ಆ ಮೂಲೆಯೇ ನಿಮ್ಮ ಕಥೆಯ ಜಾಗ.

ಒಂದು ವಿಷಯದಲ್ಲಿ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಕಾರಣರು, ಗುಳಿಗ, ಚೌಂಡಿ, ಇವರೆಲ್ಲ ಇಲ್ಲಿಯ ಜನ ಇವತ್ತಿಗೂ ಹರಕೆ ಹೊತ್ತು ನಡೆದುಕೊಳ್ಳುವ ದೈವಗಳು. ಅವರನ್ನು ಮಗು ತಿನ್ನುವ ಭೂತ ಮಾಡಿ ಬರೆಯಬೇಡಿ. ಹಾಗೇ, ಕಾಡಿನಂಚಿನ ಆದಿವಾಸಿ ಯರವರ, ಕುರುಬರ ಮುದುಕಿಯೊಬ್ಬಳನ್ನು ಮಾಟಗಾತಿ ಅಂತ ತಂದು ನಿಲ್ಲಿಸುವುದೂ ಬೇಡ. ಅದು ಅನ್ಯಾಯ, ಮೇಲಾಗಿ ಕಥೆಯ ಭಯವನ್ನು ಮನೆಯಿಂದ ಹೊರಗೆ ಹಾಕಿಬಿಡುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿ ಎಷ್ಟೋ ಮನೆಗಳು ಹೋದವು, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿಯಿತು. ಅದನ್ನು ದೆವ್ವದ ಕೆಲಸ ಅಂತ ಬರೆದರೆ ಮನೆ ಕಳೆದುಕೊಂಡವರು ಓದುವಾಗ ಏನನ್ನಿಸಬಹುದು ಯೋಚಿಸಿ. ಆದರೆ ಮಳೆ ಜೋರಾದ ರಾತ್ರಿ ಮಾವ ಟಾರ್ಚ್ ಹಿಡಿದು ಮನೆ ಹಿಂದಿನ ಬರೆಯಲ್ಲಿ, ಅಂದರೆ ಕಡಿದಾದ ಮಣ್ಣಿನ ಗೋಡೆಯಲ್ಲಿ, ಬಿರುಕು ಬಿಟ್ಟಿದೆಯಾ ಅಂತ ನೋಡಿ ಬರುವುದು ನಮ್ಮಲ್ಲಿ ನಿತ್ಯದ ಸಂಗತಿ. ಅದನ್ನು ಬರೆಯಿರಿ. ಅವರು ವಾಪಸ್ ಬಂದು ಕಾಲಿನ ಜಿಗಣೆ ಕಿತ್ತು ಒಲೆಗೆ ಹಾಕುವುದನ್ನೂ ಬರೆಯಿರಿ.

ಅತ್ತೆಯನ್ನು ಕೆಟ್ಟವರನ್ನಾಗಿ ಮಾಡುವುದು ಸುಲಭ. ಮಾಡಬೇಡಿ. ಅವರೂ ಇದೇ ಕೋಣೆಯಲ್ಲಿ ಹೆತ್ತವರು, ಇದೇ ತೊಟ್ಟಿಲು ತೂಗಿದವರು. ಅವರಿಗೆ ಏನೋ ಗೊತ್ತಿದೆ, ಹೇಳಿದರೆ ಸೊಸೆ ಹೆದರುತ್ತಾಳೆ ಅಂತ ಸುಮ್ಮನಿದ್ದಾರೆ. ಎಷ್ಟು ಮಕ್ಕಳು ನಿಮಗೆ ಅಂತ ಸೊಸೆ ಕೇಳಿದಾಗ ಅವರು ಉತ್ತರ ಹೇಳುವ ಮೊದಲು ಸ್ವಲ್ಪ ಹೊತ್ತು ತೆಗೆದುಕೊಳ್ಳಲಿ. ನಮ್ಮ ಹಳೇ ಮನೆಗಳಲ್ಲಿ ಉಳಿಯದ ಕೂಸುಗಳ ಲೆಕ್ಕ ಯಾರೂ ಬಾಯಿಬಿಟ್ಟು ಹೇಳಲ್ಲ, ಆದರೆ ಹೆತ್ತವರು ಯಾರೂ ಮರೆತಿರಲ್ಲ. ಆ ಮನೆಗೆ ಮಗು ಯಾಕೆ ಬೇಕು ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಿಲ್ಲ.

ತಾಯಿಗೆ ಹುಚ್ಚು ಹಿಡಿದಿತ್ತು ಅಂತ ಕೊನೆಯಲ್ಲಿ ತಿರುಗಿಸುವವರಿಗೆ ಒಂದು ಮಾತು. ಹೆರಿಗೆಯಾದ ಎರಡು ಮೂರು ದಿನಕ್ಕೆ ಸುಮ್ಮಸುಮ್ಮನೆ ಅಳು ಬರುವುದು ಬಹಳ ತಾಯಂದಿರಿಗೆ ಆಗುತ್ತದೆ, ಎರಡು ವಾರದೊಳಗೆ ತಿಳಿಯಾಗುತ್ತದೆ. ಅದಕ್ಕಿಂತ ಜಾಸ್ತಿ ದಿನ ಉಳಿದರೆ ಖಿನ್ನತೆ ಇರಬಹುದು. ಇಲ್ಲದ ದನಿ ಕೇಳುವುದು, ಮಗು ತನ್ನದಲ್ಲ ಅನ್ನಿಸುವುದು, ನಿದ್ದೆಯೇ ಬೇಡ ಅನ್ನಿಸುವುದು, ಇಂಥ ತೀವ್ರ ಕಾಯಿಲೆ ಸಾವಿರ ಹೆರಿಗೆಗೆ ಒಂದೆರಡು ಕಡೆ ಬರುತ್ತದೆ, ಆಗ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಚಿಕಿತ್ಸೆ ಕೊಟ್ಟರೆ ವಾಸಿಯಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಮಗುವನ್ನೂ ಒಟ್ಟಿಗೇ ಇಟ್ಟು ನೋಡಿಕೊಳ್ಳುವ ವಾರ್ಡ್ ಇದೆ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿಗೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಇದನ್ನು ಇಲ್ಲಿ ಹೇಳಲು ಕಾರಣ ಇದೆ. ನಿಮ್ಮ ಕಥೆಯನ್ನು ರಾತ್ರಿ ಮೂರು ಗಂಟೆಗೆ ಮಗುವಿಗೆ ಹಾಲು ಕೊಡುತ್ತಾ ಮೊಬೈಲಿನಲ್ಲಿ ಓದುವವಳು ಒಬ್ಬಳಾದರೂ ಇರುತ್ತಾಳೆ. ಕಾಯಿಲೆಯನ್ನು ಕೊನೇ ಪುಟದ ತಿರುವಿಗಾಗಿ ಬಳಸಿಕೊಂಡರೆ ಅವಳು ಮಾರನೇ ದಿನ ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ. ಕಥೆಯಲ್ಲಿ ಕಾಯಿಲೆ ಬರಲೇಬೇಕಿದ್ದರೆ ಮೊದಲಿಂದಲೇ ಇರಲಿ, ಯಾರಾದರೂ ಅದನ್ನು ಗಮನಿಸಲಿ.

ಮುಗಿಸುವುದು ಹೇಗೆ ಅನ್ನೋದಕ್ಕೆ ಹೆಚ್ಚು ಹೇಳಲು ಇಲ್ಲ. ಮನೆಯ ಹಿಂದಿನ ಕಥೆಯನ್ನು ಯಾರೋ ಕೂತು ವಿವರಿಸುವ ದೃಶ್ಯ ಇದ್ದರೆ ತೆಗೆದುಹಾಕಿ. ತಾಯಿ ಮಗುವನ್ನು ಎತ್ತಿಕೊಂಡು ಮಳೆಯಲ್ಲಿ ಓಡುವುದೂ ಬೇಡ, ಬಾಣಂತಿ ಅಷ್ಟು ದೂರ ಓಡಲಾರಳು.

ಬರೆದಾದ ಮೇಲೆ ಮಕ್ಕಳನ್ನು ಬೆಳೆಸಿದ ಯಾರಾದರೂ ಹಿರಿಯರಿಗೆ ಓದಿ ಹೇಳಿ. ನಾನು ಅತ್ತೆಗೆ ಓದಿ ಹೇಳಿದೆ. ಅವರು ಕಾಳುಮೆಣಸು ಬಿಡಿಸುತ್ತಾ ಪೂರ್ತಿ ಕೇಳಿದರು. ಅಟ್ಟದ ಅಳುವಿನ ಬಗ್ಗೆ ಏನೂ ಅನ್ನಲಿಲ್ಲ. ತೊಟ್ಟಿಲಿನ ಬಗ್ಗೆಯೂ ಇಲ್ಲ. ಅರೆಭಾಷೆಯಲ್ಲಿ ಅವರು ಹೇಳಿದ್ದರ ಅರ್ಥ ಇಷ್ಟು: ಹಂಡೆ ನೀರು ಅಷ್ಟು ಬೇಗ ಕಾಯಲ್ಲ ಮಗಾ, ಆಟಿ ತಿಂಗಳಲ್ಲಿ ಸೌದೆ ಹಸಿ ಇರುತ್ತೆ, ಊದಿ ಊದಿ ಸಾಕಾಗುತ್ತೆ. ನಾನು ಹತ್ತು ನಿಮಿಷ ಅಂತ ಬರೆದಿದ್ದೆ. ಆ ಸಾಲು ತಿದ್ದಿದೆ. ಈಗ ನೀರು ಕಾಯಲು ಒಂದು ಗಂಟೆ ಹಿಡಿಯುತ್ತದೆ, ಅತ್ತೆ ಬಚ್ಚಲ ಒಲೆಯ ಮುಂದೆ ಊದುಕೊಳವೆ ಹಿಡಿದು ಕೂತಿರುತ್ತಾರೆ, ಸೊಸೆ ಮೈಗೆ ಎಣ್ಣೆ ಹಚ್ಚಿಕೊಂಡು ಮಣೆಯ ಮೇಲೆ ಕಾಯುತ್ತಿರುತ್ತಾಳೆ. ಅಷ್ಟೂ ಹೊತ್ತು ಮಗು ಒಳಗಿನ ಕೋಣೆಯಲ್ಲಿರುತ್ತದೆ, ಬಾಗಿಲು ಪೂರ್ತಿ ಮುಚ್ಚಿರಲ್ಲ, ಮತ್ತು ಅದು ಒಂದು ಸಲವೂ ಅಳುವುದಿಲ್ಲ.